ಹವಾಮಾನ ದುರಂತದ ಸಿನಿಮಾ: ಪ್ರವಾಹವನ್ನು ಪೂರ್ತಿ ಕಂಪ್ಯೂಟರಿನಲ್ಲೇ ಮಾಡಬೇಕೇ?

ಪರ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಇರುವುದು 33 ಗೇಟ್. ಅಷ್ಟೂ ಒಟ್ಟಿಗೆ ಹೋದರೆ ಏನಾದೀತು ಎಂಬುದನ್ನು ತೋರಿಸಲು ಹೊರಟ ಸಿನಿಮಾಗೆ ಗ್ರಾಫಿಕ್ಸ್ ಬಿಟ್ಟು ದಾರಿಯಿಲ್ಲ.

ಸಣ್ಣ ಮಾದರಿ ಕಟ್ಟಿ ನೀರು ಹರಿಸಿದರಾಯಿತು ಎನ್ನುವವರು ಈ ಲೆಕ್ಕ ನೋಡಲಿ. 20 ಮೀಟರ್ ಎತ್ತರದಿಂದ ನೀರು ಬೀಳಲು ಸುಮಾರು 2 ಸೆಕೆಂಡ್ ಬೇಕು. ಹದಿನಾರನೇ ಒಂದರಷ್ಟು ಅಳತೆಯ ಮಾದರಿಯಲ್ಲಿ ಅರ್ಧ ಸೆಕೆಂಡ್ ಸಾಕು. ಸೆಕೆಂಡಿಗೆ 24ರ ಬದಲು 96 ಫ್ರೇಮ್ (ಬಿಡಿಚಿತ್ರ) ತೆಗೆದು ತೆರೆಯ ಮೇಲೆ 24ರಂತೆ ಓಡಿಸಿದರೆ ನೀರು ನಾಲ್ಕು ಪಟ್ಟು ನಿಧಾನವಾಗಿ ಬಿದ್ದು ವೇಗವೇನೋ ಸರಿಹೋಗುತ್ತದೆ, ಹನಿ ಮಾತ್ರ ಸಣ್ಣದಾಗುವುದಿಲ್ಲ. 5 ಮಿಲಿಮೀಟರ್ ಹನಿ ತೆರೆಯ ಮೇಲೆ 8 ಸೆಂಟಿಮೀಟರ್ ಉಂಡೆಯಾಗಿ ಕಾಣುತ್ತದೆ. ಸೋಪಿನ ನೀರು ಬೆರೆಸಿ ಹನಿ ಒಡೆಯಲು ಹೋದರೆ ಬೇಡದ ಕಡೆಯೆಲ್ಲ ನೊರೆ ಏಳುತ್ತದೆ.

ಕಂಪ್ಯೂಟರಿನಲ್ಲಿ ನೀರಿನ ರಾಶಿ, ನೊರೆ, ಸಿಡಿಹನಿ, ತುಂತುರು ಎಲ್ಲವೂ ಬೇರೆ ಬೇರೆ ಪದರ. ನೊರೆ ಹೆಚ್ಚೆನಿಸಿದರೆ ಅದನ್ನಷ್ಟೇ ತಿದ್ದಬಹುದು. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಅಂಥ ಮೋಡ ಒಡೆದು ಸುರಿಯುವುದನ್ನು ಯಾವ ತೊಟ್ಟಿಯಲ್ಲೂ ತೋರಿಸಲಾಗದು.

ವಿರೋಧ

ಅಣೆಕಟ್ಟೆಯ ದೂರದ ದೃಶ್ಯ ಕಂಪ್ಯೂಟರಿಗೇ ಇರಲಿ. ಆದರೆ ಪ್ರವಾಹ ಜನರನ್ನು ಮುಟ್ಟುವುದು ಓಣಿಯಲ್ಲಿ. ಅಣೆಕಟ್ಟೆಯ ಕೆಳಗಿನ ಕಂಪ್ಲಿ ಸೇತುವೆ ಮುಳುಗಿದ್ದನ್ನು ದಂಡೆಯಲ್ಲಿ ನಿಂತು ನೋಡಿದ ಪ್ರೇಕ್ಷಕರಿಗೆ ಸುಳ್ಳು ನೀರು ಥಟ್ಟನೆ ತಿಳಿಯುತ್ತದೆ. ಮಳೆಗಾಲದ ಹೊಸ ನೀರು ಕೆಂಪು, ಅದರ ನೊರೆಯೂ ಕಂದು; ಮೇಲೆ ಜೋಳದ ದಂಟು, ಕಸಕಡ್ಡಿ ತೇಲಿ ಬಂದು ತಿರುವಿನಲ್ಲಿ ಸಿಕ್ಕಿಕೊಳ್ಳುತ್ತವೆ. ಗ್ರಾಫಿಕ್ಸಿನಲ್ಲಿ ಬಿಳಿ ನೊರೆ ಹಾಕಿದರೆ ಹೊಳೆ ಹೋಗಿ ಸಮುದ್ರವಾಗುತ್ತದೆ.

ಖರ್ಚಿನ ಮಾತು ಅದಕ್ಕಿಂತ ದೊಡ್ಡದು. ಕಂಪ್ಯೂಟರ್ ನೀರನ್ನು ಸಣ್ಣ ಸಣ್ಣ ಘನಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತದೆ. ಘನದ ಬದಿಯನ್ನು ಅರ್ಧಕ್ಕಿಳಿಸಿದರೆ ಘನಗಳು 8 ಪಟ್ಟಾಗುತ್ತವೆ, ಒಂದು ಲೆಕ್ಕದಿಂದ ಮುಂದಿನದಕ್ಕೆ ಇಡುವ ಸಮಯದ ಹೆಜ್ಜೆಯೂ ಚಿಕ್ಕದಾಗಬೇಕಾದ್ದರಿಂದ ಕೆಲಸ ಸುಮಾರು 16 ಪಟ್ಟು. ಗಡುವು ಹತ್ತಿರ ಬಂದಾಗ ದೊಡ್ಡ ಘನಗಳಲ್ಲೇ ಮುಗಿಸುತ್ತಾರೆ, ನೀರು ಜೆಲ್ಲಿಯಂತೆ ಅಲುಗುತ್ತದೆ.

ಓಣಿಯನ್ನು ನಾಲ್ಕನೇ ಒಂದು ಅಳತೆಯಲ್ಲಿ ಕಟ್ಟಿ. 12 ಅಡಿ ಗೋಡೆ 3 ಅಡಿಯಾಗುತ್ತದೆ, 48 ಫ್ರೇಮ್ ಸಾಕು, ಹನಿ 2 ಸೆಂಟಿಮೀಟರ್ ಆಗಿ ಕಂಡರೂ ಕೆಸರು ನೀರಿನ ರಭಸದಲ್ಲಿ ಕಣ್ಣಿಗೆ ಬೀಳದು. ಫ್ರೇಮ್ ಇಮ್ಮಡಿಯಾದಂತೆ ಬೆಳಕೂ ಇಮ್ಮಡಿ ಬೇಕು. ಬಳ್ಳಾರಿಯ ಬಿಸಿಲಿಗೆ ಅದೇನು ಹೆಚ್ಚು? ಒಂದು ತೊಡಕಿದೆ: ತೊಟ್ಟಿ ಮತ್ತೆ ತುಂಬುವಷ್ಟರಲ್ಲಿ ನೆರಳು ಸರಿದಿರುತ್ತದೆ. ಹಾಗಾಗಿ ಕ್ಯಾಮೆರಾ ಮೂರ್ನಾಲ್ಕು ಇಟ್ಟು ಒಂದೇ ಸಲ ನೀರು ಬಿಡಬೇಕು. ಹಿನ್ನೆಲೆಯ ಗುಡ್ಡಕ್ಕೆ ಕ್ರಷರ್ ಜಲ್ಲಿ ಬೇಡ, ಅಂಚು ಚೂಪು. ಆನೆಗೊಂದಿ ಕಡೆಯ ಬಂಡೆಗಳು ಉರುಟು, ಹೊಳೆಗಲ್ಲೇ ಹೊಂದುತ್ತದೆ.

ಮಾದರಿಯಲ್ಲಿ ಎಲ್ಲರೂ ಎಡವುವುದು ಗೋಡೆ ಬೀಳಿಸುವಲ್ಲಿ. ಸಣ್ಣ ಗೋಡೆ ತನ್ನ ತೂಕಕ್ಕೆ ತಾನು ಒಡೆಯುವುದಿಲ್ಲ. ಗಟ್ಟಿ ಸಿಮೆಂಟಿನಲ್ಲಿ ಕಟ್ಟಿದರೆ ಇಡಿಯಾಗಿ ಮಗುಚಿ ಆಟಿಕೆಯಾಗಿ ಕಾಣುತ್ತದೆ. ಪ್ಲಾಸ್ಟರನ್ನು ತೆಳ್ಳಗೆ ಎರೆದು, ಹಿಂಬದಿಯಲ್ಲಿ ಅಡ್ಡಾದಿಡ್ಡಿ ಗೀರು ಕೊರೆದು, ಬುಡದ ಸಾಲನ್ನು ಇನ್ನಷ್ಟು ಸಡಿಲ ಬಿಡಬೇಕು. ಆಗ ಮಣ್ಣಿನ ಮನೆ ಬೀಳುವಂತೆಯೇ ಬುಡ ಮೊದಲು ಕರಗಿ, ಗೋಡೆ ಕುಸಿದು, ಮಾಳಿಗೆ ಕೊನೆಗೆ ಇಳಿಯುತ್ತದೆ.