ಹೊಗೆಯ ಲೆಕ್ಕ, ಮುಚ್ಚಳದ ಲೆಕ್ಕ

ತುಂಗೆಯ ದಡದಲ್ಲಿರುವ ನಮ್ಮ ಸಣ್ಣ ಪೇಟೆಯಲ್ಲಿ ಮಳೆ ಹಿಂದೆ ಸರಿದು ನಾಲ್ಕು ದಿನ ಬಿಸಿಲು ಕಂಡಿತೆಂದರೆ ಸಾಕು, ಸಂಜೆ ಆರರ ಹೊತ್ತಿಗೆ ಸೊಳ್ಳೆ ಕೊಲ್ಲುವ ಹೊಗೆಯ ಗಾಡಿ ಬರುತ್ತದೆ. ಡೀಸೆಲ್ಲಿಗೆ ಮೆಲಾಥಿಯಾನ್ ಎಂಬ ಕೀಟನಾಶಕ ಬೆರೆಸಿ, ಕಾಯಿಸಿ ಊದುವ ಆ ಯಂತ್ರದ ಆರ್ಭಟ ಬೀದಿಯ ತಿರುವಿನಲ್ಲಿ ಕೇಳಿಸಿದೊಡನೆ ಮಕ್ಕಳು ಅದರ ಹಿಂದೆ ಓಡುತ್ತಾರೆ, ಹಿರಿಯರು ದಡಬಡನೆ ಕಿಟಕಿ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯಾದರೋ ರಾತ್ರಿ ಕಚ್ಚುವಂಥದ್ದು. ಹಗಲೆಲ್ಲ ಅದು ಮನೆಯೊಳಗಿನ ಗೋಡೆಯ ಮೇಲೋ ಕೊಟ್ಟಿಗೆಯ ಕತ್ತಲ ಮೂಲೆಯಲ್ಲೋ ವಿಶ್ರಮಿಸುತ್ತಿರುತ್ತದೆ. ಹೀಗಾಗಿ ಹೊಗೆ ಬಿಡುವ ಆ ಹತ್ತು ನಿಮಿಷದಲ್ಲಿ ಇಡೀ ಪೇಟೆಯಲ್ಲಿ ಅತ್ಯಂತ ಕ್ಷೇಮವಾಗಿರುವ ಜೀವಿ ಯಾವುದೆಂದರೆ, ನಾವೇ ಚಿಲಕ ಹಾಕಿ ಕಾಪಾಡಿಕೊಂಡ ಆ ಸೊಳ್ಳೆ.

ಹೊಗೆ ಕೊಲ್ಲುವುದು ಆ ಕ್ಷಣದಲ್ಲಿ ಹಾರಾಡುತ್ತಿರುವ ಸೊಳ್ಳೆಯನ್ನು ಮಾತ್ರ, ನೀರಿನಲ್ಲಿರುವ ಮರಿಹುಳುವಿಗೆ ಅದರಿಂದ ಕೆಮ್ಮು ಕೂಡ ಬರುವುದಿಲ್ಲ. ಮಲೇರಿಯಾ ತಡೆಗೆ ಇದನ್ನು ನೆಚ್ಚಿಕೊಳ್ಳಬೇಡಿ, ಕೀಟನಾಶಕ ಲೇಪಿಸಿದ ಪರದೆ ಮತ್ತು ಮನೆಯೊಳಗಿನ ಗೋಡೆಗೆ ಹೊಡೆಯುವ ಔಷಧಿಯೇ ಮುಖ್ಯ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೆ ಆ ಸಂಸ್ಥೆಯವರು ನಮ್ಮ ಪೇಟೆಯ ಸಾಮಾನ್ಯ ಸಭೆಗೆ ಬಂದು ಕುಳಿತವರಲ್ಲ. ಅಲ್ಲಿ "ಪಕ್ಕದ ವಾರ್ಡಿಗೆ ಮೂರು ಸಲ ಹೊಗೆ ಹೋಗಿದೆ, ನಮ್ಮ ವಾರ್ಡಿನವರೇನು ಪಾಪ ಮಾಡಿದ್ದಾರೆ?" ಎಂದು ಮೇಜು ಗುದ್ದುವ ಸದಸ್ಯರನ್ನು ನಾನು ಕಂಡಿದ್ದೇನೆಯೇ ಹೊರತು, "ನಮ್ಮ ವಾರ್ಡಿನಲ್ಲಿ ಜ್ವರ ಬಂದವರೆಲ್ಲರ ರಕ್ತಪರೀಕ್ಷೆ ಆಗಿದೆಯೇ?" ಎಂದು ಕೇಳಿದವರನ್ನು ಈವರೆಗೆ ಕಂಡಿಲ್ಲ.

ಇದಕ್ಕೆ ಕಾರಣ ಅಜ್ಞಾನವೆಂದು ಯಾರೂ ದೂರಬಾರದು. ಇದು ಲೆಕ್ಕಾಚಾರದ ಭೇದ. ಆರೋಗ್ಯಶಾಸ್ತ್ರದ ಪಂಡಿತರು ಒಂದು ಸಾವನ್ನು ತಪ್ಪಿಸಲು ಎಷ್ಟು ಖರ್ಚಾಯಿತು, ಒಂದು ಆರೋಗ್ಯವಂತ ವರ್ಷ ಉಳಿಸಲು ಎಷ್ಟು ಖರ್ಚಾಯಿತು ಎಂದು ಭಾಗಾಕಾರ ಮಾಡುತ್ತ ಕೂರುತ್ತಾರೆ. ತಪ್ಪಿಹೋದ ಸಾವು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಹಾರ ಹಾಕಲು ಬರುವುದಿಲ್ಲ, ಅದರ ಮುಂದೆ ನಿಂತು ರಿಬ್ಬನ್ ಕತ್ತರಿಸುವುದಂತೂ ಅಸಾಧ್ಯ. ಆದ್ದರಿಂದ ನಮ್ಮಲ್ಲಿ ಪ್ರತಿ ಫೋಟೊಗೆ ತಗುಲಿದ ವೆಚ್ಚ ಎಂಬ ಹೆಚ್ಚು ಪ್ರಾಯೋಗಿಕವಾದ ಅಳತೆ ಚಾಲ್ತಿಯಲ್ಲಿದೆ. ಬಿಳಿಯ ಹೊಗೆಯ ನಡುವೆ ಮುಖಗವಸು ಧರಿಸಿ ನಿಂತ ಜನಪ್ರತಿನಿಧಿಯ ಚಿತ್ರಕ್ಕೆ ಸರಿಸಾಟಿಯಾಗುವ ಮಿತವ್ಯಯದ ಕ್ರಮ ಈ ಅಳತೆಯಲ್ಲಿ ಇನ್ನೊಂದಿಲ್ಲ.

ವಿಚಿತ್ರವೆಂದರೆ ಇದೇ ಜನ ತಮ್ಮ ಅಡಿಕೆ ತೋಟಕ್ಕೆ ಕಾಲಿಟ್ಟೊಡನೆ ಮಹಾ ಅರ್ಥಶಾಸ್ತ್ರಜ್ಞರಾಗುತ್ತಾರೆ. ಮುಂಗಾರು ಹಿಡಿಯುವ ಮುನ್ನ ಅಡಿಕೆಯ ಕೊನೆಗೆ, ಎಂದರೆ ಗೊನೆಗೆ, ಮಳೆ ತಾಗದಂತೆ ಕೊಟ್ಟೆ ಕಟ್ಟಿಸುವುದು ಮೇಲೋ, ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸುವುದು ಮೇಲೋ, ಅದಕ್ಕೆ ಬೇಕಾದ ಮೈಲುತುತ್ತದ ದರವೆಷ್ಟು, ಮರ ಹತ್ತುವ ಕೊನೆಗೌಡನ ಕೂಲಿಯೆಷ್ಟು, ಎರಡನೆಯ ಸಲದ ಔಷಧಿ ನಲವತ್ತು ದಿನಕ್ಕೋ ನಲವತ್ತೈದಕ್ಕೋ ಎಂದು ಜಗಲಿಯ ಮೇಲೆ ಕುಳಿತು ಬಿಡಿಗಾಸಿನವರೆಗೂ ತೂಗುತ್ತಾರೆ. ಅಡಿಕೆಯ ಕೊನೆಗೆ ಹೊಡೆಯಬೇಕಾದ ಔಷಧಿಯನ್ನು ಯಾರಾದರೂ ತೋಟದ ಹೊರಗಿನ ರಸ್ತೆಗೆ ಹೊಡೆಸಿ, ಫೋಟೊ ತೆಗೆಸಿಕೊಂಡು ಬಂದರೆ ಅಂಥವನಿಗೆ ಮರುದಿನವೇ ಮನೆಯ ಯಜಮಾನಿಕೆ ತಪ್ಪುತ್ತದೆ. ಮರಕ್ಕೆ ಸಲ್ಲುವ ಈ ವಿವೇಕ ಮನುಷ್ಯನಿಗೇಕೆ ಸಲ್ಲದು ಎಂದು ಒಮ್ಮೆ ಹಿರಿಯರೊಬ್ಬರನ್ನು ಕೇಳಿದೆ. "ಅಡಿಕೆಗೆ ರೇಟಿದೆ, ಮೇಷ್ಟ್ರೇ" ಎಂದರು.

ಪರದೆಯ ಲೆಕ್ಕವನ್ನೇ ನೋಡಿ. ದೀರ್ಘಕಾಲ ಬಾಳುವ ಕೀಟನಾಶಕ ಲೇಪಿತ ಪರದೆಯೊಂದನ್ನು ಕೊಂಡು ಮನೆಗೆ ಮುಟ್ಟಿಸಲು ಸುಮಾರು 5 ಡಾಲರ್, ಎಂದರೆ 400 ರೂಪಾಯಿಗಿಂತ ತುಸು ಹೆಚ್ಚು ಬೀಳುತ್ತದೆ. ಅದರೊಳಗೆ ಇಬ್ಬರು ಮಲಗಬಹುದು, ಸುಮಾರು 3 ವರ್ಷ ಬಾಳುತ್ತದೆ. ತಲೆಗೆ ವರ್ಷಕ್ಕೆ 70 ರೂಪಾಯಿಯ ಆಸುಪಾಸು. ಮಲೇರಿಯಾ ಹೆಚ್ಚಿರುವ ಆಫ್ರಿಕಾದ ನಾಡುಗಳಲ್ಲಿ ಜೀವ ಉಳಿಸುವ ಅತ್ಯಂತ ಅಗ್ಗದ ಉಪಾಯಗಳಲ್ಲಿ ಇದೂ ಒಂದೆಂದು ಹೆಸರಾಗಿರುವುದು ಸುಮ್ಮನೆ ಅಲ್ಲ. ಹಾಗೆಂದು ಮಲೆನಾಡಿನ ಮನೆಮನೆಗೂ ಪರದೆ ಹಂಚಿರೆಂದು ನಾನು ಹೇಳುತ್ತಿಲ್ಲ. ರೋಗವೇ ಅಪರೂಪವಾದ ಕಡೆ ಅದೂ ದುಂದುವೆಚ್ಚವೇ. ಇಲ್ಲಿಗೆ ಸಲ್ಲುವ ಅಗ್ಗದ ಕೆಲಸವೆಂದರೆ ಜ್ವರ ಬಂದವನ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಲೇಪಿಸಿ ನೋಡುವುದು, ವೈವಾಕ್ಸ್ ಮಲೇರಿಯಾ ಎಂದು ತಿಳಿದರೆ ಯಕೃತ್ತಿನಲ್ಲಿ ಅಡಗಿ ಕುಳಿತ ಪರಾವಲಂಬಿ ಮತ್ತೆ ತಲೆ ಎತ್ತದಂತೆ 14 ದಿನ ಪ್ರೈಮಾಕ್ವಿನ್ ನುಂಗಿಸುವುದು. ನಾಲ್ಕನೆಯ ದಿನ ಜ್ವರ ಬಿಟ್ಟು ತೋಟದ ಕೆಲಸಕ್ಕೆ ಹೊರಟವನ ಬೆನ್ನು ಹತ್ತಿ ಹದಿನಾಲ್ಕನೆಯ ದಿನದ ಗುಳಿಗೆ ನುಂಗಿಸುವ ಕಾರ್ಯಕರ್ತೆಯ ಫೋಟೊ ಯಾವ ಪತ್ರಿಕೆಯಲ್ಲೂ ನೋಡಿದ ನೆನಪಿಲ್ಲ.

ಉಳಿತಾಯದಲ್ಲಿ ನಮ್ಮ ದೇಶಕ್ಕೆ ಹಳೆಯ ಅನುಭವವಿದೆ. 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, 1958ರಲ್ಲಿ ಅದರ ಹೆಸರು ನಿರ್ಮೂಲನ ಎಂದಾಯಿತು, 1965ರ ಹೊತ್ತಿಗೆ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು. ನಾನು ಹುಡುಗನಾಗಿದ್ದಾಗ ಮನೆಯೊಳಗಿನ ಗೋಡೆಗೆ ಡಿಡಿಟಿ ಎಂಬ ಕೀಟನಾಶಕ ಹೊಡೆಯುವವರು ಬಾಗಿಲ ಪಕ್ಕದ ಗೋಡೆಯ ಮೇಲೆ ದಿನಾಂಕ ಬರೆದು ಹೋಗುತ್ತಿದ್ದರು. ದೀಪಾವಳಿಗೆ ಅಜ್ಜಿ ಕೆಮ್ಮಣ್ಣು ಬಳಿಯುವಾಗ ಒಳಗಿನ ಡಿಡಿಟಿಯನ್ನೆಲ್ಲ ಮುಚ್ಚಿ, ಸರ್ಕಾರದ ಬರಹವೆಂಬ ಭಯದಿಂದ ಆ ದಿನಾಂಕವೊಂದನ್ನು ಮಾತ್ರ ಬಿಟ್ಟು ಬಳಿಯುತ್ತಿದ್ದರು. ಅಜ್ಜಿಯದು ಮನೆಯ ಮಟ್ಟದ ನಿರ್ಮೂಲನ. ಮೇಲಿನ ಮಟ್ಟದಲ್ಲಿಯೂ ರೋಗ ಹೋಯಿತೆಂಬ ನೆಮ್ಮದಿಯಲ್ಲಿ ಕಾವಲು ಸಡಿಲಿತು, ಸೊಳ್ಳೆ ಔಷಧಿಗೆ ಒಗ್ಗಿಕೊಂಡಿತು, 1976ರಲ್ಲಿ ಪ್ರಕರಣಗಳು 64 ಲಕ್ಷ ದಾಟಿದವು. ಕಡತದಲ್ಲಿ ಮಾತ್ರ ನಿರ್ಮೂಲನ ಎಂಬ ಹೆಸರು ಬಹುಕಾಲ ಹಾಗೆಯೇ ಉಳಿಯಿತು.

ಇಷ್ಟೆಲ್ಲ ಬಲ್ಲ ನಾನು ಕಳೆದ ತಿಂಗಳು ಸೊಳ್ಳೆಯ ಕಾಟ ತಾಳಲಾರದೆ ನಮ್ಮ ವಾರ್ಡಿನ ಸದಸ್ಯರಿಗೆ ಫೋನು ಮಾಡಿ ಬಿಸಿಯಾಗಿಯೇ ಮಾತನಾಡಿದೆ. ಮರುದಿನ ಬೆಳಿಗ್ಗೆ ಬಂದದ್ದು ಆಶಾ ಕಾರ್ಯಕರ್ತೆ. ಮಾತಿಲ್ಲದೆ ತಾರಸಿ ಹತ್ತಿ, ನೀರಿನ ಟ್ಯಾಂಕಿನ ಒಡೆದ ಮುಚ್ಚಳವನ್ನೂ ಅದು ಹಾರದಂತೆ ನಾನಿಟ್ಟಿದ್ದ ಕಲ್ಲನ್ನೂ ಸರಿಸಿ, ಒಳಗೆ ಟಾರ್ಚು ಬಿಟ್ಟರು.

"ಬನ್ನಿ ಮೇಷ್ಟ್ರೇ, ನೋಡಿ. ಚರಂಡಿ ಸೊಳ್ಳೆ ಮರಿಯಾದರೆ ನೀರಲ್ಲಿ ತಲೆಕೆಳಗಾಗಿ ನೇತಾಡ್ತದೆ. ಇದು ನೀರಿನ ಮೇಲೆ ಉದ್ದಕ್ಕೆ ಮಲಗಿದೆ. ಇದು ಮಲೇರಿಯಾದ್ದು. ಇದಕ್ಕೆ ಚೊಕ್ಕ ನೀರೇ ಬೇಕು."

"ಇದನ್ನು ಎಲ್ಲರಿಗೂ ಹೇಳಬಾರದೇನಮ್ಮ?"

"ಹೇಳದೆ ಏನು? ಹೊಗೆ ಗಾಡಿ ಹಿಂದೆ ಬಂದ್ರೆ ಕಾಫಿ ಕೊಡ್ತಾರೆ. ಟ್ಯಾಂಕ್ ನೋಡ್ತೀನಿ ಅಂದ್ರೆ ನಾಯಿ ಬಿಡ್ತಾರೆ."

ಹೊಸ ಮುಚ್ಚಳಕ್ಕೆ ಮುನ್ನೂರು ನಾನೂರು ರೂಪಾಯಿ ಆಗಬಹುದೆಂದು ಹೇಳಿ ಅವರು ಇಳಿದು ಹೋದರು. ನನ್ನ ಫೋನಿನ ಬಿಸಿಗೆ ಅಂಜಿದ ಸದಸ್ಯರು ಅದೇ ಸಂಜೆ ನಮ್ಮ ಬೀದಿಗೆ ವಿಶೇಷವಾಗಿ ಹೊಗೆ ಬಿಡಿಸಿದರು. ನಾನೂ ಕೃತಜ್ಞತೆಯಿಂದ ಗೇಟಿನ ಬಳಿ ಅವರ ಪಕ್ಕದಲ್ಲಿ ನಿಂತೆ. ಆ ಚಿತ್ರ ಬಹಳ ಚೆನ್ನಾಗಿ ಬಂದಿದೆ. ಹಿಂಬದಿಯಲ್ಲಿ, ಹೊಗೆ ಸ್ವಲ್ಪ ತೆಳುವಾಗಿರುವ ಕಡೆ, ನಮ್ಮ ತಾರಸಿಯ ಕರಿಯ ಟ್ಯಾಂಕೂ ಓರೆಯಾಗಿ ಕುಳಿತ ಅದರ ಮುಚ್ಚಳವೂ ಅದರ ಮೇಲಿನ ಕಲ್ಲೂ ಸ್ಪಷ್ಟವಾಗಿ ಕಾಣಿಸುತ್ತವೆ.