ಬಿಚ್ಚೋದು ನಮ್ಮೂರಿನ ಹಾಗೆ, ಬಿಗಿಯೋದು ಜರ್ಮನಿ ಹಾಗೆ

ಚಿಕ್ಕಮಗಳೂರಿಗೆ ಹೋದಾಗಲೆಲ್ಲ ಅಕ್ಕನ ಮನೆ ಕಣದಲ್ಲಿ ಯಾವುದಾದರೂ ಗಾಡಿ ಒಂದು ಚಕ್ರ ಕಳಚಿಕೊಂಡು ನಿಂತಿರುತ್ತದೆ. ಕಾಫಿ ಒಣಗಿಸುವ ಕಣ ಸಿಮೆಂಟಿನದು, ಸಮತಟ್ಟು. ಜಾಕಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಈ ಸಲ ಭಾವನ ಸಣ್ಣ ಕಾರು. ಮುಂದಿನ ಎಡಚಕ್ರದಲ್ಲಿ ಗುಂಯ್ ಅನ್ನುವ ಸದ್ದು. ಮೂರು ತಿಂಗಳ ಹಿಂದಷ್ಟೇ ಪೇಟೆಯಲ್ಲಿ ಹೊಸ ಬೇರಿಂಗ್ ಹಾಕಿಸಿದ್ದರು!

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಅಲ್ಲಿ ಚಳಿಗಾಲಕ್ಕೊಂದು, ಬೇಸಿಗೆಗೊಂದು ಜೊತೆ ಟಯರು. ಕೂಲಿ ದುಬಾರಿ. ಹಾಗಾಗಿ ಶಾಲೆ ಮೇಷ್ಟ್ರ ಮನೆಯಲ್ಲೂ ಟಾರ್ಕ್ ರೆಂಚ್, ಅಂದರೆ ಬೇಕಾದಷ್ಟು ಬಿಗಿಯಾದ ಕೂಡಲೇ ತಿಳಿಸುವ ಸ್ಪ್ಯಾನರು, ಇರುತ್ತದೆ. ಚಕ್ರ ಹಾಕಿ 50 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡುತ್ತಾರೆ. ಅಂಗಳ ಇಲ್ಲದವರಿಗೆ ಗಂಟೆ ಲೆಕ್ಕದ ಬಾಡಿಗೆ ವರ್ಕ್‌ಶಾಪ್‌ಗಳಿವೆ.

ಆದರೆ ಬಿಚ್ಚುವ ವಿಷಯದಲ್ಲಿ ನಮ್ಮೂರಿನವರೇ ಜಾಣರು. ಚಕ್ರದ ನಡುಭಾಗದ (ಹಬ್) ನಟ್ಟು ಸುತ್ತಲಿನ ನಾಲ್ಕು ನಟ್ಟುಗಳ ಹಾಗಲ್ಲ, ಬಹಳ ಬಿಗಿ. ಜಾಕಿ ಏರಿಸಿ ಎಳೆದಾಡಿದರೆ ಗಾಡಿಯೇ ಮೈಮೇಲೆ ಬರುತ್ತದೆ. ಭಾವ ಚಕ್ರ ನೆಲದಲ್ಲಿದ್ದಾಗಲೇ ನಡುವಿನ ಮುಚ್ಚಳ ತೆಗೆದರು. ಅಕ್ಕ ಒಳಗೆ ಕೂತು ಬ್ರೇಕ್ ಒತ್ತಿದಳು. ನಟ್ಟಿನ ಅಂಚನ್ನು ಆಕ್ಸಲ್‌ನ ಕಚ್ಚಿಗೆ ತಟ್ಟಿ ಕೂರಿಸಿರುತ್ತಾರಲ್ಲ, ಅದನ್ನು ಉಳಿಯಿಂದ ಎಬ್ಬಿಸಿದರು. ಬಾಕ್ಸ್ ಸ್ಪ್ಯಾನರಿನ ಹಿಡಿಗೆ ತೋಟದ ಹಳೇ ಜಿಐ ಪೈಪು ತೂರಿಸಿ ಒಮ್ಮೆ ಒತ್ತಿದರು. ಟಕ್! ನಾನು ಜರ್ಮನಿಯಲ್ಲಿ, ಹಿಮ ಕರಗಲು ರಸ್ತೆಗೆ ಹಾಕುವ ಉಪ್ಪು ತಿಂದು ತುಕ್ಕು ಹಿಡಿದ ನಟ್ಟಿಗೆ ಎಣ್ಣೆ ಹೊಡೆದು ಅರ್ಧ ದಿನ ಕಾದಿದ್ದೇನೆ.

ನಮ್ಮ ಜಗಳ ಶುರುವಾಗಿದ್ದು ಬೇರಿಂಗ್ ಬದಲಿಸಿ ವಾಪಸ್ ಹಾಕುವಾಗ. ಭಾವ ಅದೇ ಹಳೇ ನಟ್ಟು, ಅದೇ ಪೈಪು ಕೈಗೆತ್ತಿಕೊಂಡರು. ‘ಮೂವತ್ತು ವರ್ಷ ಜೀಪಿನ ಹಬ್ ಬಿಗಿ ಮಾಡಿದ ಕೈ ಇದು ಮಾರಾಯ.’

ಅದು ನಿಜವೇ. ಹಳೇ ಜೀಪಿನ ಹಬ್‌ನಲ್ಲಿ ಕೈಯೇ ಅಳತೆ. ಅದರದ್ದು ಟೇಪರ್ ಬೇರಿಂಗ್. ಚಕ್ರ ತಿರುಗಿಸುತ್ತಾ ಹಿಡಿಯುವಷ್ಟು ಬಿಗಿ ಮಾಡಿ, ಆಮೇಲೆ ಸ್ವಲ್ಪ ಹಿಂದಕ್ಕೆ ಬಿಟ್ಟು ಲಾಕ್ ಮಾಡಬೇಕು. ಆ ‘ಸ್ವಲ್ಪ’ ಪುಸ್ತಕ ಓದಿದವನಿಗೆ ಸುಲಭಕ್ಕೆ ಬರುವುದಿಲ್ಲ. ನಮ್ಮ ಮಲೆನಾಡಿನ ಮೆಕ್ಯಾನಿಕ್‌ಗಳ ಕೈ ಪಳಗಿದ್ದೇ ಇದರಲ್ಲಿ.

ಈಗಿನ ಸಣ್ಣ ಕಾರು ಹಾಗಲ್ಲ. ಬೇರಿಂಗಿನ ಒಳಗಿನ ಎರಡು ಬಳೆಗಳನ್ನು ಒತ್ತಿ ಹಿಡಿದಿರುವುದೇ ಆ ನಟ್ಟು. ಬಿಗಿ ಕಡಿಮೆಯಾದರೆ ಬಳೆಗಳು ಅಲುಗಾಡಿ ಬೇರಿಂಗ್ ಹಾಳು. ಜಾಸ್ತಿಯಾದರೆ ಬೇರಿಂಗಿಗೂ ಪೆಟ್ಟು, ನಟ್ಟಿನ ಥ್ರೆಡ್ ಕೂಡ ಹರಿಯಬಹುದು. ಒಂದೊಂದು ಕಾರಿಗೆ ಒಂದೊಂದು ಬಿಗಿಯ ಅಳತೆ, ಇದಕ್ಕೆ 200 ನ್ಯೂಟನ್ ಮೀಟರ್ ಆಸುಪಾಸು. ಒಂದು ಮೀಟರ್ ಪೈಪಿನ ತುದಿಗೆ 20 ಕೆಜಿ ಭಾರ ಬಿದ್ದರೆ ಅಷ್ಟಾಯಿತು. ಗ್ಯಾರೇಜಿನ 70 ಕೆಜಿ ಹುಡುಗ ಅದರ ಮೇಲೆ ಹತ್ತಿ ನಿಂತರೆ ಹೆಚ್ಚುಕಮ್ಮಿ 700! ಪೇಟೆಯಲ್ಲಿ ಹಾಕಿದ ಬೇರಿಂಗ್ ಮೂರೇ ತಿಂಗಳಿಗೆ ಯಾಕೆ ಹೋಯಿತು ಅಂತ ನನಗೇನೂ ಆಶ್ಚರ್ಯ ಆಗಲಿಲ್ಲ.

ಹೊಸ ನಟ್ಟು ತರಿಸಿದೆ. ಒಮ್ಮೆ ತಟ್ಟಿ ಎಬ್ಬಿಸಿದ್ದನ್ನು ಮತ್ತೆ ಹಾಕಬಾರದು, ಬೆಲೆಯೂ ಅಂಥದ್ದೇನಲ್ಲ. ಕಾರು ಸ್ಟ್ಯಾಂಡ್ ಮೇಲಿರುವಾಗಲೇ ಅಕ್ಕ ಬ್ರೇಕ್ ಒತ್ತಿದಳು, ಒಂದಿಷ್ಟು ಬಿಗಿ ಮಾಡಿ ಇಳಿಸಿದೆವು. ಸಡಿಲ ನಟ್ಟಿನಲ್ಲಿ ಗಾಡಿಯ ಭಾರ ಬೇರಿಂಗ್ ಮೇಲೆ ಬೀಳಬಾರದು, ಒಂದಡಿಯೂ ತಳ್ಳಬಾರದು. ಕೊನೆಗೆ ನಾನು ತಂದಿದ್ದ ಟಾರ್ಕ್ ರೆಂಚಿನಲ್ಲಿ ‘ಕ್ಲಿಕ್’ ಅನ್ನಿಸಿ, ಅಂಚು ತಟ್ಟಿ ಮುಗಿಸಿದೆವು.

ರೆಂಚನ್ನು ಅಲ್ಲೇ ಬಿಟ್ಟು ಬಂದೆ. ಕೆಲಸ ಆದ ಮೇಲೆ ಅದರೊಳಗಿನ ಸ್ಪ್ರಿಂಗ್ ಸಡಿಲ ಮಾಡಿಡಿ, ಬಿಚ್ಚೋಕೆ ಅಂತೂ ಬಳಸಲೇಬೇಡಿ ಅಂತ ಎರಡೆರಡು ಸಲ ಹೇಳಿದ್ದೆ.

ಮೊನ್ನೆ ಫೋನಿನಲ್ಲಿ ಅದು ಹೇಗಿದೆ ಅಂತ ಕೇಳಿದೆ.

‘ಬಾರೀ ಚೆನ್ನಾಗಿದೆ ಮಾರಾಯ. ಜೀಪಿನ ಚಕ್ರ ಬಿಚ್ಚೋಕೆ ಪೈಪೇ ಬೇಡ ಈಗ.’