ಕಾಸು ಕೊಟ್ಟು ಕೊಂಡ ತೇವ

ಜನವರಿಯ ಒಂದು ಬೆಳಿಗ್ಗೆ ಅಕ್ಕನ ಮಗ ಮಿನಿಯಾಪೊಲಿಸಿನಿಂದ ವಿಡಿಯೋ ಕಾಲ್ ಮಾಡಿದ. ಇಲ್ಲಿ ಉಡುಪಿಯಲ್ಲಿ ಹತ್ತು ಗಂಟೆಗೇ ಬನಿಯನ್ ಬೆನ್ನಿಗೆ ಅಂಟಿತ್ತು. "ಮಾವ, ಹೊಸತೊಂದು ಹಾಕಿಸಿದೆ, ನೋಡಿ" ಅಂದವನೇ ಫೋನ್ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದ. ಅಲ್ಲಿ ಅವನ ಮನೆ ಬಿಸಿ ಮಾಡುವ ಫರ್ನೇಸ್. ಅದರಿಂದ ಹೊರಟ ತಗಡಿನ ಕೊಳವೆಯ ಬದಿಗೆ ಒಂದು ಪೆಟ್ಟಿಗೆ.

"ಹ್ಯೂಮಿಡಿಫೈಯರ್. ಇಡೀ ಮನೆಗೆ ಒಂದೇ."

"ಅದೆಂಥ ಮಾಡ್ತದೆ?"

"ಗಾಳಿಗೆ ತೇವ ಹಾಕ್ತದೆ."

ಸರಿಯಾಗಿ ಕೇಳಿಸಲಿಲ್ಲ ಅಂದುಕೊಂಡು ಇನ್ನೊಮ್ಮೆ ಕೇಳಿದೆ. ಕೇಳಿಸಿದ್ದು ಸರಿಯೇ ಇತ್ತು. ಕೂಲಿ ಸೇರಿ ಎಷ್ಟಾಯಿತು ಅಂತಲೂ ಹೇಳಿದ. ಡಾಲರ್ ಕೇಳಿದ ಕೂಡಲೇ ರೂಪಾಯಿಗೆ ತಿರುಗಿಸುವ ಚಟ ನನಗೆ. ಆ ದುಡ್ಡಿನಲ್ಲಿ ನಮ್ಮ ಮಾಡಿನ ಹಂಚನ್ನೆಲ್ಲ ಕೈಯಾಡಿಸಿ, ತೇವ ಒಳಗೆ ಬಾರದ ಹಾಗೆ ಮಾಡಿಸಿ, ಉಳಿದದ್ದರಲ್ಲಿ ಊರಿಗೆ ಊಟ ಹಾಕಬಹುದಿತ್ತು.

ಕಾರಣ ಕೇಳಿದೆ. ಹೋದ ಸಲ ಅಕ್ಕ ಅವನಿಗೆ ದೇವರ ಮುಂದೆ ಇಡಲಿಕ್ಕೆ ಅಂತ ಹಲಸಿನ ಮಣೆಯೊಂದನ್ನು ಕಟ್ಟಿಕೊಟ್ಟಿದ್ದಳು. ಮೊದಲ ಚಳಿಗಾಲದಲ್ಲೇ, ನಡುರಾತ್ರಿ, ಠಪ್ ಅಂತ ಸದ್ದು. ಕಳ್ಳ ಅಂತ ಇವನು ಎದ್ದು ಬಂದರೆ ಮಣೆ ಈ ತುದಿಯಿಂದ ಆ ತುದಿಗೆ ಸೀಳಿತ್ತಂತೆ. ಜೊತೆಗೆ ಮಗುವಿನ ಮೂಗಿನಲ್ಲಿ ರಕ್ತ, ಹೆಂಡತಿಯ ತುಟಿ ಒಡೆತ, ಬಾಗಿಲ ಹಿಡಿ ಮುಟ್ಟಿದರೆ ಚುರ್ ಅಂತ ಶಾಕು. ಮಣೆಯ ಸೀಳನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದ. ಹಳದಿ ಮರದ ನಡುವೆ ನೇರ ಕಪ್ಪು ಗೆರೆ, ಪೋಸ್ಟ್ ಕಾರ್ಡ್ ತೂರಿಸುವಷ್ಟು ಅಗಲ. ಅಕ್ಕನಿಗೆ ಇದನ್ನು ಹೇಳಬಾರದು ಅಂತ ಆಣೆಯನ್ನೂ ಹಾಕಿಸಿದ. ಅವಳು ಓದುವುದು ಪೇಪರ್ ಮಾತ್ರ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ತಪ್ಪು ಅವನದ್ದಲ್ಲ, ಚಳಿಯದ್ದು. ತಣ್ಣನೆಯ ಗಾಳಿ ನೀರಿನಾವಿ ಹಿಡಿದುಕೊಳ್ಳುವುದು ತೀರಾ ಕಡಿಮೆ. ಮೈನಸ್ 20 ಡಿಗ್ರಿಯ ಗಾಳಿಯನ್ನು ಒಳಗೆ ತಂದು 21 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಶೇಕಡಾ 10ಕ್ಕಿಂತ ಕೆಳಗೆ ಬೀಳುತ್ತದೆ. ಮನೆಯೊಳಗೆ 30ರಿಂದ 50 ಇರಲಿ ಅನ್ನುತ್ತದೆ ಅಲ್ಲಿನ ಸರ್ಕಾರದ ಪರಿಸರ ಸಂಸ್ಥೆ. ಹಾಗಾಗಿ ಪೆಟ್ಟಿಗೆ. ಅದರೊಳಗಿನ ಪ್ಯಾಡಿನ ಮೇಲೆ ನೀರು ಸಣ್ಣಗೆ ಇಳಿಯುತ್ತದೆ, ಬಿಸಿಗಾಳಿ ಪ್ಯಾಡನ್ನು ದಾಟಿ ಮನೆಗೆಲ್ಲ ಹೋಗುತ್ತದೆ, ಮಿಕ್ಕ ನೀರು ಸೀದಾ ಮೋರಿಗೆ. ನೀರಿನ ಸುಣ್ಣ ಕಟ್ಟಿ ಪ್ಯಾಡ್ ಗಟ್ಟಿಯಾಗುತ್ತದೆ, ವರ್ಷಕ್ಕೊಮ್ಮೆ ಬದಲಿಸಬೇಕು. ಇದರಲ್ಲಿ ಒಂದು ಅಂಶ ಮಾತ್ರ ನನಗೆ ಬಹಳ ಹಿಡಿಸಿತು. ಹೊರಗೆ ಚಳಿ ತೀರಾ ಜಾಸ್ತಿಯಾದರೆ ತೇವ ಕಡಿಮೆ ಮಾಡಬೇಕಂತೆ, ಇಲ್ಲದಿದ್ದರೆ ಕಿಟಕಿ ಗಾಜಿನ ಒಳಬದಿಗೆ ನೀರು ಇಳಿದು ಹಿಮ ಕಟ್ಟುತ್ತದೆ. ಅಂದರೆ ಯಾವಾಗ ಹೆಚ್ಚು ಬೇಕೋ ಆವಾಗಲೇ ಕಡಿಮೆ ಕೊಡುವ ಯಂತ್ರ. ನಾನು ಕೆಲಸ ಮಾಡಿದ ಆಫೀಸೂ ಹೀಗೇ ನಡೆಯುತ್ತಿತ್ತು.

"ಈಗ ಮೂವತ್ತೈದಕ್ಕೆ ಇಟ್ಟಿದ್ದೇನೆ ಮಾವ. ಕರೆಕ್ಟ್ ಕಂಫರ್ಟ್" ಅಂದ. ಹಾಗೆ ಹೇಳುವಾಗಿನ ಅವನ ಮುಖ ನನಗೆ ಅಷ್ಟು ಸರಿಬರಲಿಲ್ಲ. ಬೇಸಿಗೆ ರಜೆಗೆ ಬಂದಾಗ ಇದೇ ಮುಖ ಮಾಡಿಕೊಂಡು "ಈ ಹ್ಯುಮಿಡಿಟಿಯಲ್ಲಿ ನೀವೆಲ್ಲ ಹೇಗಿರ್ತೀರಿ?" ಅಂತ ಕೇಳಿದವ ಇವನೇ. ಹುಟ್ಟಿದ್ದು ಇದರಲ್ಲೇ, ಬೆಳೆದದ್ದು ಇದರಲ್ಲೇ. ಜುಲೈಯಲ್ಲಿ ನಮ್ಮ ಹತ್ತು ಅಡಿ ಹನ್ನೆರಡು ಅಡಿಯ ಕೋಣೆಯೊಂದರ ಗಾಳಿಯಲ್ಲಿ ಸುಮಾರು ಮುಕ್ಕಾಲು ಲೀಟರ್ ನೀರು ಆವಿಯಾಗಿ ಇರುತ್ತದೆ. ಪೆಟ್ಟಿಗೆ ಬೇಡ, ಪ್ಯಾಡ್ ಬೇಡ. ಉಪ್ಪಿನ ಭರಣಿಯಲ್ಲಿ ಉಪ್ಪಿಗಿಂತ ನೀರು ಜಾಸ್ತಿ. ಕಪಾಟಿನಲ್ಲಿ ಬೆಲ್ಟಿಗೆ ಬೂಷ್ಟು, ಡಿಗ್ರಿ ಸರ್ಟಿಫಿಕೇಟಿಗೂ ಬೂಷ್ಟು. ಯಕ್ಷಗಾನ ಮೇಳದವರು ಜಾಣರು. ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಮನೆಗೆ ಹೋಗುತ್ತಾರೆ, ದೀಪಾವಳಿ ಹೊತ್ತಿಗೆ ಮತ್ತೆ ಹೊರಡುತ್ತಾರೆ. ಬಯಲಿನಲ್ಲಿ ಆಟ ಆಡುವವರಿಗೆ ಮಳೆಗಾಲದಲ್ಲಿ ಕೆಲಸವಿಲ್ಲ ಅನ್ನುವುದು ಸರಿಯೇ. ಆದರೆ ಆ ತೇವದಲ್ಲಿ ಮದ್ದಳೆಯ ಚರ್ಮ ಏನು ಸ್ವರ ಕೊಡುತ್ತದೆ ಅಂತ ಬಾರಿಸುವವರನ್ನೇ ಕೇಳಿ.

ಮನುಷ್ಯನಿಗೆ ಎಷ್ಟು ತೇವ ಸಾಕು ಅನ್ನುವುದರ ಬಗ್ಗೆ ನನಗೊಂದು ಸಿದ್ಧಾಂತ ಉಂಟು. ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ ಹಳೇ ಮನೆಯ ಬಾಗಿಲಿನ ಕಥೆ ಹೇಳದಿದ್ದರೆ ಅದು ಅರ್ಥವಾಗುವುದಿಲ್ಲ.

ಆ ಬಾಗಿಲೂ ಹಲಸಿನದ್ದೇ. ಮರ ಉಬ್ಬುವುದು ಅಗಲಕ್ಕೆ, ಉದ್ದಕ್ಕೆ ಅಲ್ಲ. ಹಾಗಾಗಿ ಮೇಲೆ ಕೆಳಗೆ ಏನೂ ತೊಂದರೆ ಇಲ್ಲ, ಬದಿಯಲ್ಲಿ ಮಾತ್ರ ಪ್ರತಿ ಮಳೆಗಾಲವೂ ಜಗಳ. ಒಂದು ವರ್ಷ ಆಟಿ ತಿಂಗಳಲ್ಲಿ ಬಾಗಿಲು ದಾರಂದಕ್ಕೆ ಕೂರುವುದೇ ಇಲ್ಲ ಅಂತ ಹಟ ಹಿಡಿಯಿತು. ಅಪ್ಪ ಶಾಲೆ ಮಾಸ್ಟರು. ಹೇಳಿದ್ದು ಕೇಳದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಆಚಾರಿಗೆ ಹೇಳಿಕಳಿಸಿದರು.

ಆಚಾರಿ ಬಂದರು, ಕೊಡೆ ಮಡಚಿದರು, ಬಾಗಿಲ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ಚೀಲದಿಂದ ಒಂದು ಉಳಿಯನ್ನೂ ಹೊರಗೆ ತೆಗೆಯಲಿಲ್ಲ. "ಮಾಸ್ಟ್ರೇ, ಈಗ ಮುಟ್ಲಿಕ್ಕಿಲ್ಲ. ದೀಪಾವಳಿ ಕಳಿಲಿ, ಅದೇ ಸರಿಯಾಗ್ತದೆ."

"ಅಷ್ಟರವರೆಗೆ ಬಾಗಿಲು ತೆರೆದಿಟ್ಟು ಮಲಗುವುದಾ?"

"ಈ ಮಳೆಗೆ ಕಳ್ಳ ಎಲ್ಲಿ ಬರ್ತಾನೆ ಮಾಸ್ಟ್ರೇ. ಅವನಿಗೂ ಮನೆ ಉಂಟಲ್ಲ."

ಕಾಫಿ ಕುಡಿದು ಹೋದರು. ಮರುದಿನ ಅಪ್ಪ ಎಲ್ಲಿಂದಲೋ ಕೀಸುಳಿ ತಂದರು. ಒಣಗಿದ ಮರವಾದರೆ ಸುರುಳಿ ಸುರುಳಿಯಾಗಿ ಏಳುತ್ತದೆ. ಇದು ನಾರು ನಾರಾಗಿ ಕಿತ್ತು ಬಂತು. ಹಳದಿ ಹುಡಿಯೆಲ್ಲ ಅಪ್ಪನ ಮುಂಗೈಯ ಬೆವರಿಗೆ ಅಂಟಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಬಾಗಿಲು ಟಕ್ ಅಂತ ಕೂತಿತು. ಆ ಸಂಜೆ ಮನೆಗೆ ಬಂದವರಿಗೆಲ್ಲ ಅಪ್ಪ ಅದನ್ನು ಹಾಕಿ ತೆಗೆದು ತೋರಿಸಿದರು. ಬಾರದವರನ್ನು ದಾರಿಯಿಂದ ಕರೆದು ತೋರಿಸಿದರು.

ಫೆಬ್ರವರಿ ಬಂತು. ಹಾಕಿದ ಬಾಗಿಲ ಸಂದಿಯಲ್ಲಿ ಅಂಗಳಕ್ಕೆ ಯಾರು ಬಂದರು ಅಂತ ಕಾಣುತ್ತಿತ್ತು. ಪೇಪರಿನ ಹುಡುಗ ಅದರಲ್ಲೇ ಪೇಪರ್ ತೂರಿಸತೊಡಗಿದ. ಅಮ್ಮ ಒಂದು ಮಾತೂ ಆಡಲಿಲ್ಲ. ಸಂದಿಯಿಂದ ಒಳಗೆ ಬಿದ್ದ ಬಿಸಿಲಿನ ಗೆರೆಯಲ್ಲಿ ಗೆರಸೆ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಅಪ್ಪನಿಗೆ ಅದು ಮಾತಿಗಿಂತ ಜಾಸ್ತಿ ಚುಚ್ಚಿರಬೇಕು. ಮಾರ್ಚಿನಲ್ಲಿ ಒಂದು ರೀಪು ತಂದು ಅಂಚಿಗೆ ಮೊಳೆ ಹೊಡೆದರು. ಸಂದಿ ಮುಚ್ಚಿತು. ಅಮ್ಮ ಗೆರಸೆ ತೆಗೆದುಕೊಂಡು ಜಗಲಿಗೆ ಹೋದಳು.

ಜೂನಿನಲ್ಲಿ ಬಾಗಿಲು ಉಬ್ಬಿತು, ರೀಪೂ ಉಬ್ಬಿತು. ಒಂದು ರಾತ್ರಿ ಹಾಕಿದ ಬಾಗಿಲು ಬೆಳಿಗ್ಗೆ ತೆರೆಯಲಿಲ್ಲ. ನಾವೆಲ್ಲ ಅಡುಗೆಮನೆ ಬಾಗಿಲಿನಿಂದ ಓಡಾಡಿದೆವು. ಅದೇ ವಾರ ಶ್ರಾವಣದ ಮದುವೆಯೊಂದರ ಹೇಳಿಕೆಗೆ ಹುಡುಗಿಯ ದೊಡ್ಡಪ್ಪ ಬಂದರು. ಭಾರಿ ಆಳು, ಜರಿ ಶಾಲು. ಅವರನ್ನು ಮನೆಗೆ ಸುತ್ತು ಹಾಕಿಸಿ, ಬಚ್ಚಲಿನ ಬದಿಯಿಂದ, ಒಣಹಾಕಿದ ಚಡ್ಡಿಗಳ ಅಡಿಯಲ್ಲಿ ಬಗ್ಗಿಸಿ ಒಳಗೆ ಕರೆದುಕೊಂಡು ಬರಬೇಕಾಯಿತು. ಕೊನೆಗೆ ಆಚಾರಿಯೇ ಬಂದರು. ಹೊರಗಿನಿಂದ ಹೇಗೋ ಬಿಡಿಸಿ, ರೀಪನ್ನು ಬೆರಳಿನಲ್ಲಿ ತಟ್ಟಿ ಕೇಳಿದರು.

"ಇದು ಯಾರು ಹೊಡೆದದ್ದು?"

"ಹಿಂದಿನ ಆಚಾರಿ" ಅಂದರು ಅಪ್ಪ.

ಊರಿನಲ್ಲಿ ಇದ್ದದ್ದು ಅವರೊಬ್ಬರೇ ಆಚಾರಿ. ಇಬ್ಬರೂ ಮತ್ತೆ ಏನೂ ಮಾತಾಡಲಿಲ್ಲ. ಕಾಫಿ ಮಾತ್ರ ಎರಡು ಸಲ ಬಂತು.

ಸಿದ್ಧಾಂತ ಎಲ್ಲಿಗೆ ಬಂತು? ಇರಲಿ. ನಾನು ಹೇಳಹೊರಟದ್ದು, ಇಂಥ ತೇವ ಬರೀ ನಮ್ಮ ಊರಿನ ಶಾಪ ಅಂತ ತಿಳಿಯಬೇಡಿ. ಏರ್ ಕಂಡೀಷನರ್ ಶುರುವಾದದ್ದು ಸೆಕೆ ಆರಿಸಲಿಕ್ಕೆ ಅಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನವರಿಗೆ ತೇವದ ಕಾಟ. ಕಾಗದ ಹಿಗ್ಗಿ ಕುಗ್ಗಿ ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಅನ್ನುವ ಎಂಜಿನಿಯರ್ ಗಾಳಿಯ ತೇವ ಹಿಡಿತಕ್ಕೆ ತರುವ ಯಂತ್ರ ಮಾಡಿಕೊಟ್ಟರು. ಮನುಷ್ಯರು ತಣ್ಣಗಾದದ್ದು ಆಮೇಲೆ.

ಆದರೆ ಅದಕ್ಕೆ ಸುಮಾರು ಅರುವತ್ತು ವರ್ಷ ಮೊದಲೇ ನಮ್ಮ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ತೆಗೆದಿದ್ದರು. ಯಾವತ್ತು? 1843ರ ಜುಲೈ 1. ಮಂಗಳೂರು, ಜುಲೈ, ಕಾಗದ! ಒಣ ಕಾಗದವನ್ನು ಆ ಪಾದ್ರಿ ಎಲ್ಲಿ ಮುಚ್ಚಿಟ್ಟುಕೊಂಡಿದ್ದರೋ. ಈಗಲೂ ಆ ತಾರೀಕಿಗೆ ಪತ್ರಿಕಾ ದಿನ ಅಂತ ಭಾಷಣ ಮಾಡುತ್ತಾರೆ. ಆ ತಿಂಗಳ ಮಳೆಯ ಬಗ್ಗೆ ಒಬ್ಬ ಭಾಷಣಕಾರನೂ ಬಾಯಿ ಬಿಟ್ಟದ್ದು ನಾನು ಕೇಳಿಲ್ಲ. ಆ ಸಭೆಗಳಿಗೆ ನಾವು ಒದ್ದೆ ಪ್ಯಾಂಟಿನಲ್ಲೇ ಹೋಗಿ ಕೂರುತ್ತೇವೆ, ಆದರೂ.

ತೇವ ಅಳೆಯುವುದಕ್ಕೂ ಹಿಂದೆ ಬ್ಯಾಟರಿ ಬೇಕಿರಲಿಲ್ಲ. 1783ರಲ್ಲಿ ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಅನ್ನುವ ವಿಜ್ಞಾನಿ ಮನುಷ್ಯನ ತಲೆಗೂದಲಿನಿಂದಲೇ ಮಾಪಕ ಮಾಡಿದ. ತೇವ ಜಾಸ್ತಿಯಾದರೆ ಕೂದಲು ತುಸು ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ, ಮುಳ್ಳು ಅದಕ್ಕೆ ಸರಿಯಾಗಿ ತಿರುಗುತ್ತದೆ. ಇದನ್ನು ಅಳಿಯನಿಗೆ ಹೇಳಿದೆ. ಕೂದಲು ಹುಡುಕಲಿಕ್ಕೆ ನನ್ನ ತಲೆ ಕಡೆ ನೋಡಿ ಸುಮ್ಮನಾದ.

ನನ್ನ ನಿಜವಾದ ಸಿಟ್ಟು ಅವನ ಮೇಲೆ ಅಲ್ಲ. ಅವನ ಊರಿಗೆ ಆ ಪೆಟ್ಟಿಗೆ ಬೇಕು, ಹಾಕಿಸಿಕೊಂಡ. ಸಿಟ್ಟು ಬರುವುದು ಮಂಗಳೂರಿನಲ್ಲಿ ಈಗ ಏಳುತ್ತಿರುವ ಬಿಲ್ಡಿಂಗ್‌ಗಳನ್ನು ನೋಡಿದಾಗ. ಮಳೆ ಸಮುದ್ರದ ಕಡೆಯಿಂದ ಅಡ್ಡಡ್ಡ ಹೊಡೆಯುವ ಊರು ಇದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಹಾಕಿದ ಮೇಲೆ ಊರಿಗೆ ಊರೇ ಹಂಚಿನ ಮಾಡು ಕಂಡಿತು. ಅದರ ಸಂದಿಯಲ್ಲಿ ಗಾಳಿ ಆಡುತ್ತಿತ್ತು, ಇಳಿಸಿದ ಮಾಡು ಗೋಡೆಯನ್ನು ಕಾಯುತ್ತಿತ್ತು. ಈಗ ಚಪ್ಪಡಿಯ ಹಾಗೆ ನಿಂತ ಗೋಡೆ, ಅದಕ್ಕೆ ನೆಲದಿಂದ ಮೇಲಿನವರೆಗೆ ಗಾಜು. ಮಾಡು ಅನ್ನುವುದೇ ಇಲ್ಲ. ಬಟ್ಟೆ ಒಣಗಿಸಲಿಕ್ಕೆ 'ಯುಟಿಲಿಟಿ' ಅಂತ ಒಂದು ಗೂಡು, ಅಲ್ಲಿ ವಾಷಿಂಗ್ ಮೆಷಿನ್ ಇಟ್ಟ ಮೇಲೆ ನಿಮ್ಮ ಲುಂಗಿಗೆ ಜಾಗ ಇಲ್ಲ. ಆಮೇಲೆ ಗೋಡೆ ಹಸಿರಾಯಿತು, ಬಟ್ಟೆಗೆ ಮುಗ್ಗಲು ವಾಸನೆ ಅಂತ ದೂರು. ಇದು ಸಾಲದ್ದಕ್ಕೆ ಮೊನ್ನೆ ಒಂದು ಅಂಗಡಿಯಲ್ಲಿ, ಇದೇ ಮಂಗಳೂರಿನಲ್ಲಿ, ನೀಲಿ ದೀಪ ಹಾಕಿ ಹೊಗೆಯಂತೆ ಮಂಜು ಬಿಡುವ ಪುಟ್ಟ ಹ್ಯೂಮಿಡಿಫೈಯರ್ ಮಾರುತ್ತಿದ್ದರು. ಕೌಂಟರಿನ ಹುಡುಗನ ಹಣೆಯಿಂದ ಬೆವರು ಇಳಿಯುತ್ತಿತ್ತು. "ಸರ್, ರೂಮಿಗೆ ಫ್ರೆಶ್‌ನೆಸ್" ಅಂದ.

ಬಿಜೈಯಲ್ಲಿ ನನ್ನ ಸ್ನೇಹಿತರೊಬ್ಬರ ಫ್ಲಾಟು. ಅವರು ಉಲ್ಟಾ ಮೆಷಿನ್ ತಂದಿದ್ದಾರೆ, ತೇವ ಹೀರುವುದು. ಆಗಸ್ಟಿನಲ್ಲಿ ಹೋದಾಗ ಅದರ ತೊಟ್ಟಿ ತುಂಬಿತ್ತು. ಅವರು ಎರಡೂ ಕೈಯಲ್ಲಿ ಜಾಗ್ರತೆಯಿಂದ ಹಿಡಿದುಕೊಂಡು ಬಾಲ್ಕನಿಗೆ ಹೋಗಿ ಬಸಳೆ ಚಟ್ಟಿಗೆ ನೀರು ಹಾಕಿದರು. ಹೊರಗೆ ಧೋ ಅಂತ ಮಳೆ. ಚಟ್ಟಿ ಆಗಲೇ ತುಂಬಿ ನೀರು ಕೆಳಗಿನ ಮನೆಯವರ ಕಿಟಕಿಗೆ ಇಳಿಯುತ್ತಿತ್ತು.

"ಮಳೆ ಬರ್ತಾ ಉಂಟಲ್ಲ, ಮತ್ತೆ ಬಸಳೆಗೆ ಎಂತಕ್ಕೆ?" ಅಂದೆ.

"ಸುಮ್ನೆ ಚೆಲ್ಲುವುದಾ ಮಾರಾಯ್ರೆ?" ಅಂದರು ಅವರು, ನನಗೆ ಬುದ್ಧಿ ಹೇಳುವ ಧಾಟಿಯಲ್ಲಿ. "ಇದು ಕರೆಂಟು ಖರ್ಚು ಮಾಡಿ ತೆಗೆದ ನೀರು."